ಟೈಲರ್ ಮಾಸ್ತಪ್ಪ ಮತ್ತು ಒಂದು ಓದಿನ ಮುಯ್ಯಿ

ಏಳನೇ ಕಲ್ಲು ನಿಂತಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಮೂರು ವರ್ಷವಾಯಿತು. ಇವತ್ತು ಕೇಳಿದರೂ ಇದನ್ನೇ ಹೇಳುತ್ತೇನೆ, ಸಾಯುವಾಗ ಕೇಳಿದರೂ ಇದನ್ನೇ ಹೇಳುತ್ತೇನೆ.

ಹೊಸನಗರದ ಹತ್ತಿರ, ಕೊಯ್ಲು ಮುಗಿದ ಗದ್ದೆಯಲ್ಲಿ ಆ ವರ್ಷದ ಲಗೋರಿಯ ಕೊನೆಯ ಆಟ. ಒಂದು ಕಡೆ ನಮ್ಮ ಆನಂದಪುರ, ಇನ್ನೊಂದು ಕಡೆ ತೀರ್ಥಹಳ್ಳಿ. ನಮ್ಮ ಯಶಸ್ವಿನಿ, ಅಂದರೆ ನನ್ನ ಅಕ್ಕನ ಮಗಳು, ಮೊದಲ ಚೆಂಡಿಗೇ ಏಳೂ ಕಲ್ಲು ಉರುಳಿಸಿದಳು. ತೀರ್ಥಹಳ್ಳಿಯವರು ಚೆಂಡು ಹಿಡಿದು ನಮ್ಮ ಬೆನ್ನಿಗೆ ಹೊಡೆಯುವುದರೊಳಗೆ ನಾವು ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಬೇಕು. ಜೋಡಿಸಿದೆವು. ಏಳನೆಯದನ್ನು ಇಟ್ಟವನು ನಾನು. "ಲಗೋರಿ!" ಎಂದು ಕೂಗಿದವನೂ ನಾನು.

ಆದರೆ ಅದಕ್ಕೆ ಎರಡು ಭಾನುವಾರ ಮುಂಚೆ ನಮ್ಮ ಲಗೋರಿ ಬಳಗದಲ್ಲಿ ಒಂದು ಹೊಸ ನಿಯಮ ಆಗಿತ್ತು. ಲಗೋರಿ ಎಂದ ಮೇಲೆ ಮೂರು ಎಣಿಸುವಷ್ಟು ಹೊತ್ತು ಕಲ್ಲು ನಿಲ್ಲಬೇಕು, ಆಗಲೇ ಗೆಲುವು. ತೀರ್ಥಹಳ್ಳಿ ತಂಡದ ನಾಯಕ ಆತ್ರೇಯ, ಕಾಲೇಜಿನಲ್ಲಿ ಪಾಠ ಹೇಳುವವನು, ಎಣಿಸಲು ಶುರು ಮಾಡಿದ. "ಒಂದು" ಎಂದ. ಕನ್ನಡಕ ತೆಗೆದು ಒರೆಸಿಕೊಂಡ. "ಎರಡು" ಎಂದ. ನನ್ನ ಕಡೆ ನೋಡಿ ನಕ್ಕ. ಆಮೇಲೆ ನಿಧಾನಕ್ಕೆ ಉಸಿರೆಳೆದುಕೊಂಡ. ಅಷ್ಟರಲ್ಲಿ ಭತ್ತದ ಕೂಳೆಯ ಮೇಲೆ ಕೂತಿದ್ದ ತಳದ ಕಲ್ಲು ಒಂದು ಚೂರು ವಾಲಿತು. ಏಳನೆಯದು ಜಾರಿ ಬಿತ್ತು.

"ಮೂರು" ಎಂದ ಆತ್ರೇಯ.

"ಏಯ್, ಇದು ಎಣಿಸೋದಾ? ಇಷ್ಟು ಹೊತ್ತಲ್ಲಿ ನಮ್ಮಜ್ಜಿ ಎಲೆ ಅಡಿಕೆ ಹಾಕಿ, ಜಗಿದು, ಉಗಿದು ಬರ್ತಿದ್ಲು!" ಎಂದು ನಾನು ಅವನ ಮೇಲೆ ಹೋದೆ.

ನಮ್ಮ ಆಟಕ್ಕೆ ಹೊರಗಿನ ಅಂಪೈರ್ ಇಲ್ಲ. ಸಂಘ ಇಲ್ಲ, ಅಧ್ಯಕ್ಷ ಇಲ್ಲ. ಆನಂದಪುರ, ಹುಂಚ, ಹೊಸನಗರ, ತೀರ್ಥಹಳ್ಳಿ, ಈ ನಾಲ್ಕು ಊರಿನ ಆಡುವವರೇ ನಿಯಮ ಮಾಡುತ್ತೇವೆ, ನಾವೇ ಬದಲಾಯಿಸುತ್ತೇವೆ. ಜಗಳ ಬಂದರೆ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ತೀರ್ಮಾನ. ಆ ಪುಸ್ತಕ ಇಟ್ಟುಕೊಂಡವನು ಹುಂಚದ ಟೈಲರ್ ಮಾಸ್ತಪ್ಪ. ಅವನ ಅಳತೆ ಪುಸ್ತಕದ ಹಿಂದಿನ ಹಾಳೆಗಳೇ ನಮ್ಮ ನಿಯಮದ ಪುಸ್ತಕ. ಮುಂದಿನಿಂದ ತಿರುಗಿಸಿದರೆ ಜನರ ಎದೆ ಸುತ್ತಳತೆ, ಹಿಂದಿನಿಂದ ತಿರುಗಿಸಿದರೆ ಲಗೋರಿ.

ಮಾಸ್ತಪ್ಪ ಹಾಳೆ ತೆಗೆದು ಓದಿದ. "ಮೂರು ಎಣಿಸಬೇಕು ಅಂತ ಇದೆ. ಯಾರು ಎಣಿಸ್ಬೇಕು ಅಂತ ಇಲ್ಲ. ಎಷ್ಟು ಬೇಗ ಅಂತಾನೂ ಇಲ್ಲ. ಬರ್ದಿದ್ದು ಇಷ್ಟೇ ಮಾರಾಯ್ರೆ."

ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು ಪಕ್ಕದ ಕಾಲುವೆಗೆ ಎಸೆದೆ. ಎಸೆದದ್ದು ನಿಜ, ಮುಚ್ಚಿಡುವುದಿಲ್ಲ. ಆ ವರ್ಷದ ಕಪ್ ಮಾಡಿದ್ದು ನಾನು. ಹಳೇ ಟಿಲ್ಲರಿನ ಗೇರ್ ಚಕ್ರ ಏಳು ಆಯ್ದು, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ವೆಲ್ಡ್ ಮಾಡಿ, ಉಜ್ಜಿ ಹೊಳಪು ಕೊಟ್ಟಿದ್ದೆ. ನನ್ನ ಕೈಯ ಕೆಲಸ ನನ್ನ ಕಣ್ಣೆದುರಿಗೇ ತೀರ್ಥಹಳ್ಳಿಯ ಬಸ್ಸು ಹತ್ತಿತು.

ಈಗ ಬಳಗಕ್ಕೆ ಹತ್ತು ವರ್ಷವಾಯಿತೆಂದು ಒಂದು ಸಣ್ಣ ಪುಸ್ತಕ ತರುತ್ತಿದ್ದಾರೆ. ಅದರಲ್ಲಿ ಮಾಸ್ತಪ್ಪನ ಬಗ್ಗೆ ನಾನೇ ಬರೆಯಬೇಕಂತೆ. ಹೇಳಿದವನು ಆತ್ರೇಯ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕಾಲೇಜಿನವನು ಸುಮ್ಮನೆ ಕೂತಿದ್ದಾನೆ ಎಂದರೆ ಇದರಲ್ಲೂ ಏನೋ ಇದೆ. ಇರಲಿ. ಬರೆಯುತ್ತೇನೆ.

ಹುಂಚದ ಬಸ್ ನಿಲ್ದಾಣದ ಎದುರು ಮಾಸ್ತಪ್ಪನ ಅಂಗಡಿ. ಒಂದೇ ಮಷಿನ್ನು, ಒಂದು ಕನ್ನಡಿ, ಇಸ್ತ್ರಿ ಪೆಟ್ಟಿಗೆ. ಶಾಲೆ ಯೂನಿಫಾರ್ಮು, ರವಿಕೆ, ಊರಿನ ಜೈನ ಮಠಕ್ಕೆ ಬಂದ ಯಾತ್ರಿಕರ ಹರಿದ ಬ್ಯಾಗಿನ ಪಟ್ಟಿ, ನಮ್ಮ ನಾಲ್ಕೂ ತಂಡದ ಜರ್ಸಿ, ಎಲ್ಲ ಅವನೇ ಹೊಲಿಯುತ್ತಿದ್ದ. ಸಣ್ಣ ಆಳು. ಆಟಕ್ಕೆ ಬಂದರೂ ಕೊರಳಲ್ಲಿ ಟೇಪು. ಆಡುವುದು ಕಡಿಮೆ. ಬೆನ್ನಿಗೆ ಚೆಂಡು ಬಿದ್ದರೆ, "ಓ, ಅಳತೆ ತಪ್ಪಿತು" ಎಂದು ನಕ್ಕು ಬದುವಿನ ಮೇಲೆ ಹೋಗಿ ಕೂರುತ್ತಿದ್ದ. ಸೋತು ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅವನದ್ದೊಂದು ಪದ್ಧತಿ ಇತ್ತು. ಅಂಗಿಯನ್ನು ಒಂದೇ ಸಲಕ್ಕೆ ಹೊಲಿಯುತ್ತಿರಲಿಲ್ಲ. ಮೊದಲು ಬಿಳಿ ದಾರದಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ಮೈಮೇಲೆ ತೊಡಿಸುತ್ತಿದ್ದ. ಆಮೇಲೆ, "ಬಸ್ಸಲ್ಲಿ ಕಂಬಿ ಹಿಡಿದ ಹಂಗೆ ಕೈ ಎತ್ತಿ" ಎನ್ನುತ್ತಿದ್ದ. ಎತ್ತಬೇಕು. "ಕಳೆ ಕೀಳೋ ಹಂಗೆ ಕುಕ್ಕರಗಾಲಲ್ಲಿ ಕೂರಿ." ಕೂರಬೇಕು. ಬಸ್ಸಿಗೆ ಕಾಯುವವರೆಲ್ಲ ನೋಡಿ ನಗುತ್ತಿದ್ದರು.

"ಅಂಗಿ ಹೊಲಿಸೋಕೆ ಬಂದೋನಿಗೆ ಕವಾಯತು ಯಾಕ್ರೀ ಮಾಡಿಸ್ತೀರಾ?" ಎಂದು ಒಂದು ಸಲ ನಾನೇ ರೇಗಿದ್ದೆ.

"ನೆಟ್ಟಗೆ ನಿಂತಾಗ ಎಲ್ಲಾ ಅಂಗೀನೂ ಸರಿ ಇರ್ತದೆ ಪೂರ್ಣೇಶಣ್ಣ. ಬಗ್ಗಿದಾಗ ಎಲ್ಲಿ ಹಿಡೀತದೆ ಅಂತ ಗೊತ್ತಾಗೋದು."

ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು, ಆದರೂ ಎಲ್ಲರಿಗೂ ಅಣ್ಣ ಸೇರಿಸಿಯೇ ಮಾತು.

ಪುಸ್ತಕ ಎಸೆದ ಆ ಜೂನ್‌ನಲ್ಲಿ ಅವನು ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಾಯಿಸಿಕೊಂಡು ಆನಂದಪುರಕ್ಕೆ ಬಂದ. ನಾನು ನನ್ನ ವೆಲ್ಡಿಂಗ್ ಶಾಪಿನಲ್ಲಿ ಒಂದು ಗೇಟಿನ ಮೇಲೆ ಬಗ್ಗಿದ್ದೆ.

"ಇದ್ದೀರಾ ಪೂರ್ಣೇಶಣ್ಣ?"

"ಕಾಣ್ತಾ ಇಲ್ವಾ?"

ಚೀಲದಿಂದ ಆ ಪುಸ್ತಕ ತೆಗೆದು ಮುಂದಿಟ್ಟ. ಕೆಸರಿನ ಬಣ್ಣ ಹಾಗೇ ಇತ್ತು, ಆದರೆ ಹಾಳೆಗಳೆಲ್ಲ ನೆಟ್ಟಗೆ. ಒಂದೊಂದನ್ನೂ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಮಾಡಿ ಒಣಗಿಸಿದ್ದ. ನನಗೆ ಹೇಗೋ ಆಯಿತು. ಆದರೆ ತೋರಿಸಿಕೊಳ್ಳಲಿಲ್ಲ. ನನ್ನನ್ನು ನಾಚಿಸಲಿಕ್ಕೇ ತಂದಿದ್ದಾನೆ ಎಂದುಕೊಂಡೆ.

"ಮೂರು ಎಣಿಸೋ ನಿಯಮಕ್ಕೆ ನೀವೂ ಕೈ ಎತ್ತಿದ್ರಿ" ಎಂದ.

"ಎಲ್ಲರೂ ಎತ್ತಿದ್ರು, ಎತ್ತಿದೆ."

"ಓದಿದ್ರಾ?"

"ಕೋಳಿ ಸಾರಿನ ಮುಚ್ಚಳ ತೆಗೆದಿದ್ರು ಕಣ್ರೀ ಆಗ!"

"ಅದೇ. ನಾನೂ ಓದ್ಲಿಲ್ಲ. ಬರ್ದಿದ್ದು ನಾನೇ, ಬರೆದ್ಮೇಲೆ ತಿರುಗಿ ಓದ್ಲಿಲ್ಲ."

ನಮ್ಮಲ್ಲಿ ನಿಯಮ ಆಗುತ್ತಿದ್ದುದೇ ಹಾಗೆ. ಯಾರಾದರೂ ಕರಡು ಬರೆದು ವಾಟ್ಸಾಪ್ ಗುಂಪಿಗೆ ಹಾಕುವುದು. ಇಪ್ಪತ್ತು ಜನ ಹೆಬ್ಬೆಟ್ಟಿನ ಚಿತ್ರ ಒತ್ತುವುದು. ಭಾನುವಾರ ಆಟ ಮುಗಿದು ಊಟಕ್ಕೆ ಕೂರುವಾಗ ಒಮ್ಮೆ ಓದಿ, ಕೈ ಎತ್ತಿಸಿ, ಪುಸ್ತಕಕ್ಕೆ ಏರಿಸುವುದು. ಆ ಹೊತ್ತಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ, "ಊಟ ಆರ್ತದೆ, ಕೂತ್ಕೊಳೋ" ಎಂದು ನಾಲ್ಕೂ ಊರಿನವರು ಸೇರಿ ಗದರುವುದು. ಗದರುವವರಲ್ಲಿ ನನ್ನ ಗಂಟಲೇ ದೊಡ್ಡದು.

"ಹಂಗಾಗಿ ಒಂದು ಯೋಚ್ನೆ ಮಾಡಿದೀನಿ" ಎಂದ ಮಾಸ್ತಪ್ಪ. "ಭತ್ತದ ನೆಟ್ಟಿಗೆ ಮುಯ್ಯಾಳು ಮಾಡ್ತೀವಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಅಂತ. ಕರಡಿಗೂ ಹಂಗೇ ಮಾಡಾಣ. ನನ್ನ ಕರಡು ನೀವು ಓದಿ. ನಿಮ್ಮ ಕರಡು ನಾನು ಓದ್ತೀನಿ. ಓದಿಸ್ಕೊಂಡೋನು ಓದಿದೋನಿಗೆ ಒಂದು ಓದು ಬಾಕಿ. ಸುಮ್ನೆ ಸರಿ ಇದೆ ಅಂದ್ರೆ ಓದಿದ ಲೆಕ್ಕ ಅಲ್ಲ. ಈ ನಿಯಮ ಇಟ್ಕೊಂಡು ಮೋಸ ಮಾಡೋದು ಹೆಂಗೆ, ಅದನ್ನ ಬರೀಬೇಕು."

"ಮೋಸ ಮಾಡೋದು ಹೆಂಗೆ ಅಂತ ನನ್ನ ಕೇಳ್ತೀರಾ?"

"ಮತ್ತೆ ಯಾರನ್ನ ಕೇಳ್ಲಿ? ನಿಮ್ಮಷ್ಟು ಅನುಮಾನದ ಮನುಷ್ಯ ಈ ಮೂರು ತಾಲೂಕಲ್ಲಿ ಇಲ್ಲ. ಆ ಅನುಮಾನ ಆಟ ಮುಗಿದ್ಮೇಲೆ ಬಂದ್ರೆ ಜಗಳ ಮಾರಾಯ್ರೆ. ಮೊದ್ಲೇ ಬಂದ್ರೆ ಉಪಕಾರ."

ಬೈದನೋ ಹೊಗಳಿದನೋ ತಿಳಿಯಲಿಲ್ಲ. ಕರಡು ಪೆನ್ಸಿಲ್‌ನಲ್ಲಿ ಇರಬೇಕು, ಯಾರಿಗೆ ಅದರಿಂದ ಹೆಚ್ಚು ಪೆಟ್ಟು ಬೀಳುತ್ತದೋ ಅವರಿಗೇ ಮೊದಲು ಕೊಡಬೇಕು, ಓದಾದ ಮೇಲೆ ಒಂದು ಭಾನುವಾರ ಹಾಗೆ ಆಡಿ ನೋಡಿ ಆಮೇಲೆ ಪೆನ್ನಿನಲ್ಲಿ ಬರೆಯಬೇಕು, ಮೂರು ಭಾನುವಾರದೊಳಗೆ ಓದುವವರು ಸಿಗದಿದ್ದರೆ ಆ ಕರಡು ಬಿದ್ದ ಹಾಗೆ, ಎಂದೆಲ್ಲ ಹೇಳಿದ. ನಾನು ತಲೆಯಾಡಿಸಿದೆ. ಒಳಗೊಳಗೇ ಇದು ನನ್ನ ಬಾಯಿ ಕಟ್ಟುವ ಉಪಾಯ ಎಂದುಕೊಂಡೆ. ಹುಂಚದವನಿಗೆ ಆನಂದಪುರದವನ ಮೇಲೆ ಸುಮ್ಮನೆ ಪ್ರೀತಿ ಯಾಕೆ ಬರುತ್ತದೆ?

ಮೊದಲ ಕರಡು ನಾನೇ ಬರೆದೆ. ಸಿಟ್ಟಿನಲ್ಲೇ ಬರೆದೆ. 'ಲಗೋರಿ ಎಂದ ಕಡೆಯವರೇ ಮೂರು ಎಣಿಸಬೇಕು.' ಮಾಸ್ತಪ್ಪ ಓದಿ ವಾಪಸ್ ಕಳಿಸಿದ. ಕೆಳಗೆ ಪೆನ್ಸಿಲ್‌ನಲ್ಲಿ ಮೂರು ಸಾಲು. ಒಂದೇ ಉಸಿರಿಗೆ ಒಂದೆರಡುಮೂರು ಎಂದರೆ? ಮನಸ್ಸಿನಲ್ಲೇ ಎಣಿಸಿದೆ ಎಂದರೆ? ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಎಣಿಸಿದರೆ?

ಮೊದಲೆರಡಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಸಿದ್ಧ ಮಾಡಿಕೊಂಡಿದ್ದೆ. ಮೂರನೆಯದು ನನ್ನ ತಲೆಗೇ ಹೋಗಿರಲಿಲ್ಲ. ಕೊನೆಗೆ ಎರಡೂ ಕಡೆಯವರು ಒಟ್ಟಿಗೆ, ಜೋರಾಗಿ, ಕೈ ಮೇಲೆತ್ತಿ ಎಣಿಸಬೇಕು ಎಂದು ಬರೆದು, ಒಂದು ಭಾನುವಾರ ಆಡಿ ನೋಡಿ, ಪೆನ್ನಿನಲ್ಲಿ ಏರಿಸಿದೆವು. ಈಗಲೂ ಅದೇ ನಡೆಯುತ್ತಿದೆ. ಅದರ ಮೇಲೆ ಒಂದು ಜಗಳವೂ ಆಗಿಲ್ಲ.

ಆಮೇಲೆ ಮುಯ್ಯಿ ತೀರಿಸಲು ನಾನು ಅವನ ಕರಡು ಓದಿದೆ. ಚೆಂಡಿನ ವಿಷಯ. 'ಹಳದಿ ಟೆನಿಸ್ ಚೆಂಡು ಮಾತ್ರ. ಆಟಕ್ಕೆ ಮುಂಚೆ ಎರಡೂ ನಾಯಕರು ಹಿಡಿದು ನೋಡಬೇಕು.' ಎರಡು ಸಲ ಓದಿ, ತೂತು ಏನೂ ಇಲ್ಲ ಎಂದು ಬರೆದು ಕಳಿಸಿದೆ. ಮರುದಿನ ಫೋನು.

"ಇದೆ ಪೂರ್ಣೇಶಣ್ಣ. ಹಿಡಿದು ನೋಡಿದ್ಮೇಲೆ ಚೆಂಡನ್ನ ನೀರಲ್ಲಿ ಅದ್ದಿದ್ರೆ? ಒದ್ದೆ ಚೆಂಡು ಬೆನ್ನಿಗೆ ಬಿದ್ರೆ ಕಲ್ಲು ಬಿದ್ದ ಹಂಗೆ."

"ಗೊತ್ತಿದ್ರೆ ಮೊದ್ಲೇ ಬರೀಬೇಕಿತ್ತು!"

"ಬೇಕಂತ್ಲೇ ಬಿಟ್ಟಿದ್ದೆ. ನೀವು ಓದ್ತೀರೋ, ಹಾಳೆ ತಿರುಗಿಸ್ತೀರೋ ಅಂತ ತಿಳೀಬೇಕಲ್ಲ."

ಫೋನಿನಲ್ಲೇ ಉಗಿದೆ. ನನ್ನ ಅನುಮಾನ ಸುಳ್ಳಾಗಿರಲಿಲ್ಲ, ನೋಡಿ. ಈ ಮನುಷ್ಯ ಬರೆದ ಒಂದೊಂದು ಕರಡಿನಲ್ಲೂ ಒಂದು ತೂತು ಬೇಕೆಂದೇ ಇಡುತ್ತಿದ್ದ. ಅದು ಸಿಗುವವರೆಗೆ ಓದು ಮುಗಿದ ಲೆಕ್ಕವಲ್ಲ. ಅದು ಸಿಕ್ಕಿದರೂ, ಅದೇ ಅವನು ಇಟ್ಟದ್ದೋ ಅಥವಾ ತಾನಾಗಿ ಬಿದ್ದದ್ದೋ 'ಹೌದು, ಅದೇ' ಎಂದು ಅವನು ಹೇಳುವವರೆಗೆ ನಮಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಇನ್ನೊಂದು ಸಲ ಓದಬೇಕು. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ನಾಲ್ಕು ಸಲ ಓದತೊಡಗಿದೆ. ಆತ್ರೇಯ ಒಂದೇ ನೋಟಕ್ಕೆ ಹಾಳೆ ಮುಗಿಸುತ್ತಿದ್ದ, ಹತ್ತರಲ್ಲಿ ಆರು ಸಲ ತೂತು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ನಾನು ಮುಂದಿನ ಒಂದೂವರೆ ವರ್ಷದಲ್ಲಿ ಮತ್ತೆ ಒಂದನ್ನೂ ಬಿಡಲಿಲ್ಲ. ಹೇಳಿಕೊಳ್ಳಬೇಕಾದ ವಿಷಯ, ಹೇಳಿಕೊಳ್ಳುತ್ತೇನೆ.

ಮುಂದಿನ ಮೇ ತಿಂಗಳಲ್ಲಿ ಯಶಸ್ವಿನಿಯ ಮದುವೆಯಾಯಿತು. ಗಂಡಿನ ಊರು ಹುಂಚ! ಹುಡುಗ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆ ಮಂಟಪದಲ್ಲಿ ಮಾಸ್ತಪ್ಪ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದುದನ್ನು ನಾನು ಗಮನಿಸಿದ್ದೆ.

ಡಿಸೆಂಬರ್‌ನಲ್ಲಿ ಅವನ ಕರಡು ಬಂತು. 'ವರ್ಷದ ಮೊದಲ ಭಾನುವಾರ ಯಾವ ಊರಿನಲ್ಲಿ ವಾಸವೋ, ಆ ವರ್ಷ ಆ ಊರಿಗೇ ಆಡಬೇಕು.' ಪೆಟ್ಟು ಬೀಳುವುದು ಆನಂದಪುರಕ್ಕೆ ಎಂದು ಓದಲು ನನಗೇ ಕಳಿಸಿದ್ದ. ನಾನು ಕೆಳಗೆ ಬರೆದೆ: 'ಇದರಲ್ಲಿ ಮೋಸ ಮಾಡುವುದು ಹೇಗೆಂದರೆ, ಒಂದು ಊರಿನವರು ಬೇರೆ ಊರಿನ ಒಳ್ಳೇ ಆಟಗಾರ್ತಿಯರನ್ನೆಲ್ಲ ಸೊಸೆ ಮಾಡಿಕೊಂಡು ತಂಡ ಕಟ್ಟಬಹುದು.' ಮಾಸ್ತಪ್ಪ ಅದನ್ನು ಎಲ್ಲರೆದುರು ಓದಿದಾಗ ಗದ್ದೆಗೆ ಗದ್ದೆಯೇ ನಕ್ಕಿತು. ನಗಲಿ. ಕರಡು ಮಾತ್ರ ಅಲ್ಲಿಗೇ ನಿಂತಿತು. ಅದರ ಬದಲಿಗೆ ನಾನೊಂದು ಬರೆದೆ: 'ಯಾವ ಊರಿಗೆ ಆಡುತ್ತೇನೆಂದು ಆಡುವವರೇ ಹೇಳಬೇಕು. ಅವರ ಪರವಾಗಿ ಬೇರೆ ಯಾರೂ ಹೇಳಕೂಡದು.'

ಅದನ್ನು ಓದಿದವನು ಮಾಸ್ತಪ್ಪ. ಅಲ್ಲಿಗೆ ನಾನು ಅವನಿಗೆ ಒಂದು ಓದು ಬಾಕಿ. ಕೆಳಗೆ ಒಂದೇ ಸಾಲು ಬರೆದಿದ್ದ: 'ಅವರು ನಿಮಗೆ ಬೇಡದ್ದನ್ನು ಹೇಳಿದರೆ?' ನಾನು 'ಹೇಳಲಿ' ಎಂದು ಬರೆದೆ. ಯಶು ನಾನು ಎತ್ತಿ ಆಡಿಸಿದ ಮಗು. ಮೊದಲ ಚೆಂಡು ಕೈಗೆ ಕೊಟ್ಟವನು ನಾನು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿಲ್ಲವೇ?

ಜನವರಿಯ ಮೊದಲ ಭಾನುವಾರ ಆನಂದಪುರದ ಗದ್ದೆಯಲ್ಲಿ ಎಲ್ಲರೂ ಸುತ್ತ ನಿಂತಿದ್ದಾಗ ಅವಳು ಮುಂದೆ ಬಂದು, "ಹುಂಚಕ್ಕೆ ಆಡ್ತೀನಿ" ಎಂದಳು.

"ಯಶೂ!" ಎಂದೆ.

"ಬೈಬೇಡ ಮಾವ. ವಾರಕ್ಕೆ ಮೂರು ದಿನ ಸಂಜೆ ಅಭ್ಯಾಸ. ಅಲ್ಲಿಂದ ಎರಡು ಬಸ್ಸು ಹತ್ತಿ ನಾನು ಹೆಂಗೆ ಬರ್ಲಿ? ನನಗೆ ಆಡ್ಬೇಕು. ಆಡದೇ ಕೂತು, ನಾನು ಆನಂದಪುರದೋಳು ಅಂತ ಹೇಳ್ಕೊಂಡು ಏನ್ ಮಾಡ್ಲಿ?"

ನಾನೇ ಬರೆದ ನಿಯಮ. ಬೇರೆ ಯಾರೂ ಹೇಳಕೂಡದು. ಬಾಯಿ ಮುಚ್ಚಿಕೊಂಡೆ. ಆದರೆ ಅವಳು ಚೀಲಕ್ಕೆ ಕೈ ಹಾಕಿ ಹುಂಚದ ನೀಲಿ ಜರ್ಸಿ ತೆಗೆದಳು. ಹೊಸದು. ತೊಟ್ಟರೆ ಭುಜಕ್ಕೆ ಸರಿಯಾಗಿ ಕೂತಿತು. ಈಗ ತಾನೇ ಹೇಳಿದ ಮಾತಿಗೆ ಜರ್ಸಿ ಯಾವಾಗ ಹೊಲಿದರು?

ಮಾಸ್ತಪ್ಪನ ಪುಸ್ತಕ ತೆಗೆದುಕೊಂಡು ಈ ಸಲ ಮುಂದಿನಿಂದ ತಿರುಗಿಸಿದೆ. ಯಶಸ್ವಿನಿ, ಜರ್ಸಿ, ಅಳತೆ, ಡಿಸೆಂಬರ್ ಎಂಟು. ಕರಡು ನನಗೆ ಬಂದದ್ದು ಹದಿನೈದಕ್ಕೆ.

"ಒಂದು ವಾರ ಮುಂಚೇನೇ ಗೊತ್ತಿತ್ತು ನಿಮಗೆ! ಅವಳು ಹುಂಚಕ್ಕೇ ಅಂತ ಗೊತ್ತಿದ್ದೇ ಈ ಆಟ ಕಟ್ಟಿದ್ರಿ. ನನ್ನ ಕೈಲೇ ನಿಯಮ ಬರೆಸಿ ನನ್ನ ಕೊರಳಿಗೇ ಹಾಕಿದ್ರಿ!"

ಮಾಸ್ತಪ್ಪನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಏರಲಿಲ್ಲ, ಮುಖ ಮಾತ್ರ ಕಪ್ಪಾಯಿತು. "ಅಳತೆ ಬರ್ದಿದೆ. ಬಣ್ಣ ಬರ್ದಿದೆಯಾ ನೋಡಿ" ಎಂದ.

ಬಣ್ಣ ಬರೆದಿರಲಿಲ್ಲ. ಬರೆಯದೇ ಇದ್ದದ್ದೇ ನನಗೆ ಇನ್ನೂ ದೊಡ್ಡ ಅನುಮಾನವಾಯಿತು. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟೆ.

ಫೆಬ್ರವರಿಯಲ್ಲಿ ಬಸ್ಸಿನ ಕಂಡಕ್ಟರ್ ಒಂದು ಲಕೋಟೆ ತಂದುಕೊಟ್ಟ. ಮೇಲೆ ಮಾಸ್ತಪ್ಪನ ಅಕ್ಷರ: 'ಪೂರ್ಣೇಶಣ್ಣನಿಗೆ. ಮುಯ್ಯಿ ಓದು.' ನಾನು ಅದನ್ನು ಒಡೆಯಲಿಲ್ಲ. ವೆಲ್ಡಿಂಗ್ ರಾಡಿನ ಖಾಲಿ ಡಬ್ಬಿಯ ಕೆಳಗೆ ತುರುಕಿದೆ. ಮತ್ತೊಂದು ಬಲೆ. ಓದಿದರೆ ಬೀಳುತ್ತೇನೆ, ಓದದಿದ್ದರೆ ಬಾಕಿ ಉಳಿಯುತ್ತದೆ. ಉಳಿಯಲಿ, ಏನೀಗ?

ಒಂದು ವಾರ ಬಿಟ್ಟು ಯಶು ಫೋನ್ ಮಾಡಿದಳು. "ಮಾವ, ಮಾಸ್ತಪ್ಪಣ್ಣನ ಕಾಗದ ಓದಿದ್ಯಾ?"

"ಓದ್ತೀನಿ."

"ಬೇಗ ಓದು ಮಾವ. ಮೂರು ಭಾನುವಾರ ಆದ್ರೆ ಬಿದ್ದುಹೋಗ್ತದೆ."

"ನಿಂಗ್ಯಾಕೆ ಅವಸರ? ಅವನು ಹೇಳ್ಕೊಟ್ನಾ?"

"ನೀನೇ ಓದು. ನಾನು ಹೇಳಿದ್ರೆ ಅದಕ್ಕೂ ಒಂದು ಅರ್ಥ ಕಟ್ತೀಯ" ಎಂದು ಫೋನ್ ಇಟ್ಟುಬಿಟ್ಟಳು.

ಅವಳೂ ಅವರ ಕಡೆಯವಳಾದಳು ಎಂದುಕೊಂಡೆ. ಮೂರು ಭಾನುವಾರ ಕಳೆದವು. ಏಪ್ರಿಲ್‌ನಲ್ಲಿ ಕೊನೆಯ ಆಟ ನಮಗೂ ಹುಂಚಕ್ಕೂ. ಅದೂ ಆನಂದಪುರದ ನಮ್ಮದೇ ಗದ್ದೆಯಲ್ಲಿ. ಯಶು ನೀಲಿ ಜರ್ಸಿಯಲ್ಲಿ ನಿಂತು ಮೊದಲ ಚೆಂಡಿಗೇ ಏಳೂ ಕಲ್ಲು ಉರುಳಿಸಿದಳು. ಹುಂಚದವರೆಲ್ಲ ಕುಣಿದರು. ಅವಳು ಕುಣಿಯಲಿಲ್ಲ. ತಲೆ ತಗ್ಗಿಸಿಕೊಂಡು ಬದುವಿನ ಕಡೆ ನಡೆದಳು. ನಾವು ಸೋತೆವು. ಮಾಸ್ತಪ್ಪ ದೂರದಿಂದ ನನ್ನನ್ನು ನೋಡಿದ. ನಾನು ಮುಖ ತಿರುಗಿಸಿದೆ.

ಆಗಸ್ಟ್‌ನಲ್ಲಿ ಮಾಸ್ತಪ್ಪ ಹೋದ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನಿಗೆ ಎದೆನೋವು ಬಂತಂತೆ. ಶಿವಮೊಗ್ಗಕ್ಕೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಸುದ್ದಿ ಹೇಳಿದವಳು ಯಶು. ನಾನು ಹುಂಚಕ್ಕೆ ಹೋದೆ, ಹೂವಿನ ಹಾರ ಹಾಕಿದೆ, ವಾಪಸ್ ಬಂದೆ. ಬಂದವನು ಶಾಪಿನ ಡಬ್ಬಿ ಎತ್ತಿ ಲಕೋಟೆ ತೆಗೆದೆ. ರಾಡಿನ ತುಕ್ಕು ಹತ್ತಿ ಒಂದು ಮೂಲೆ ಕೆಂಪಾಗಿತ್ತು.

ಒಳಗೆ ಪೆನ್ಸಿಲ್‌ನಲ್ಲಿ ಎರಡು ಸಾಲು. 'ಮದುವೆಯಾಗಿ ಬೇರೆ ಊರಿಗೆ ಹೋದವರು ವರ್ಷಕ್ಕೆ ಒಂದು ಭಾನುವಾರ ತವರೂರಿಗೆ ಆಡಬಹುದು. ಯಾವ ಭಾನುವಾರ ಎಂದು ಆಡುವವರೇ ಹೇಳಬೇಕು.'

ಆ ಏಪ್ರಿಲ್ ಭಾನುವಾರ ಅವಳು ನಮ್ಮ ಗದ್ದೆಯಲ್ಲಿ ನಮ್ಮ ಕಡೆ ನಿಲ್ಲಬಹುದಿತ್ತು. ನಾನು ಒಂದು ಲಕೋಟೆ ಒಡೆದಿದ್ದರೆ ಸಾಕಿತ್ತು. ಈಗ ನಿಯಮದ ಪುಸ್ತಕ ಯಶುವಿನ ಹತ್ತಿರ ಇದೆ. ಅದರಲ್ಲಿ ಪೆನ್ಸಿಲ್‌ನಲ್ಲಿ ಆ ಕರಡಿನ ಪ್ರತಿ ಇದೆ, ಅದರ ಎದುರು ಮಾಸ್ತಪ್ಪನ ಕೈಬರಹವಿದೆ: 'ಓದಿದವರಿಲ್ಲ. ಬಿತ್ತು.' ನನ್ನ ಹೆಸರು ಬರೆದಿಲ್ಲ. ಬರೆದಿದ್ದರೆ ಜಗಳ ಮಾಡಲಿಕ್ಕಾದರೂ ಒಂದು ದಾರಿ ಇರುತ್ತಿತ್ತು.

ಈ ಜನವರಿಯಲ್ಲಿ ಅದೇ ಎರಡು ಸಾಲನ್ನು, ಒಂದು ಮಾತು ಸೇರಿಸಿ, ನಾನು ನನ್ನ ಹೆಸರಿನಲ್ಲಿ ಬರೆದು ಮುಂದಿಟ್ಟೆ. ಎಲ್ಲರೂ ನನ್ನ ಮುಖವನ್ನೇ ನೋಡಿದರು. "ಪೂರ್ಣೇಶ ತಾನಾಗೇ ಹುಂಚದ ಸೊಸೆಗೆ ಒಳ್ಳೇದು ಬರೀತಾನೆ ಅಂದ್ರೆ ಇದರಲ್ಲಿ ಏನೋ ಇದೆ" ಎಂದು ಹೊಸನಗರದವರು ನನಗೆ ಕೇಳುವ ಹಾಗೇ ಆಡಿಕೊಂಡರು. ಓದಲು ಆತ್ರೇಯ ತೆಗೆದುಕೊಂಡ. ಒಂದು ವಾರ ಇಟ್ಟುಕೊಂಡು, "ಮನೆ ಅಳಿಯ ಆಗಿ ಹೋದ ಗಂಡಸರಿಗೂ ಇದು ಬರ್ತದಾ ಪೂರ್ಣೇಶಣ್ಣ? ನಮ್ಮ ತಂಡದಲ್ಲಿ ಇಬ್ಬರಿದ್ದಾರೆ, ಕೇಳೋಕೆ ನಾಚ್ಕೆ ಪಡ್ತಿದ್ದಾರೆ" ಎಂದ. ಬರುತ್ತದೆ ಎಂದು ಸೇರಿಸಿದೆವು. ಆಡಿ ನೋಡಿದೆವು. ಪೆನ್ನಿನಲ್ಲಿ ಏರಿತು.

ಮಾರ್ಚ್‌ನಲ್ಲಿ ಯಶು ಆನಂದಪುರಕ್ಕೆ ಆಡಲು ಬಂದಳು. ಮೈಮೇಲೆ ನಮ್ಮ ಹಸಿರು ಜರ್ಸಿ. ಹೊಲಿಗೆ ನೋಡಿದೆ. ತೋಳಿನ ಕೆಳಗೆ ಎರಡು ಸಾಲು ಒತ್ತು ಹೊಲಿಗೆ, ಮಾಸ್ತಪ್ಪನ ಕೈ.

"ಇದು ಯಾವಾಗ ಹೊಲಿಸಿದ್ದು?"

"ಎರಡೂ ಒಟ್ಟಿಗೇ ಮಾವ, ನೀಲಿನೂ ಹಸಿರೂ. ಯಾವ್ದು ಹಾಕ್ಲಿ ಅಂತ ಆ ಜನವರಿ ಭಾನುವಾರ ಬೆಳಿಗ್ಗೆವರೆಗೂ ನಂಗೇ ಗೊತ್ತಿರ್ಲಿಲ್ಲ. ಮಾಸ್ತಪ್ಪಣ್ಣ ಏನೂ ಕೇಳ್ಲಿಲ್ಲ. ಎರಡೂ ಹೊಲಿದು ಕೊಟ್ರು."

ಅವಳು ಹೇಳಿದ್ದು ನಿಜವೇ ಇರಬೇಕು. ಆದರೆ ಜರ್ಸಿಯ ಮೇಲೆ ತಾರೀಕು ಇರುವುದಿಲ್ಲ. ಜಗಳವಾದ ಮೇಲೆ ಹೊಲಿದು ಕೊಟ್ಟಿರಬಾರದೆಂದೇನೂ ಇಲ್ಲ. ಹೀಗೆ ಬರೆದರೆ ಯಶು ಬೈಯುತ್ತಾಳೆ. ಗೊತ್ತಿದ್ದೂ ಬರೆದಿದ್ದೇನೆ.

ಅವತ್ತು ಆಟ ಗೆದ್ದೆವು. ಮಾರನೆಯ ಭಾನುವಾರ ಮಾಸ್ತಪ್ಪನ ಹೆಂಡತಿ ಕನ್ನಮ್ಮನನ್ನು ನೋಡಲು ಹುಂಚಕ್ಕೆ ಹೋದೆ. ಮುಯ್ಯಾಳಿನಲ್ಲಿ ಸಾಲ ಕೊಟ್ಟವನು ಸತ್ತರೆ ಅವನ ಮನೆಗೆ ಹೋಗಿ ಒಂದು ದಿನ ದುಡಿದು ತೀರಿಸುವುದು ನಮ್ಮ ಕಡೆ ಇರುವುದೇ. ವೆಲ್ಡಿಂಗ್ ಸಾಮಾನು ಜೀಪಿನಲ್ಲಿ ಹಾಕಿಕೊಂಡೇ ಹೋಗಿದ್ದೆ.

"ಕನ್ನಮ್ಮಕ್ಕ, ಅಂಗಡಿ ಬಾಗಿಲಿನ ಕೊಂಡಿ ಹೋಗಿದೆ. ಮಷಿನ್ನಿನ ಪೆಡಲೂ ಬಿರುಕು ಬಿಟ್ಟಿದೆ. ಇವತ್ತು ಎರಡೂ ಸರಿ ಮಾಡ್ಕೊಟ್ಟು ಹೋಗ್ತೀನಿ. ಮಾಸ್ತಪ್ಪಣ್ಣಂದು ಒಂದು ಮುಯ್ಯಿ ಬಾಕಿ ಇತ್ತು."

ಕನ್ನಮ್ಮ ಚಹಾ ತಂದಿಟ್ಟಳು. "ಮಾಡ್ಕೊಡು ತಮ್ಮ, ಬೇಡ ಅನ್ನಲ್ಲ. ಆದ್ರೆ ಅದು ಬೇರೆ, ಇದು ಬೇರೆ. ನೆಟ್ಟಿಯ ಮುಯ್ಯಿಗೆ ನೆಟ್ಟಿಗೇ ಹೋಗ್ಬೇಕಲ್ವಾ? ಓದಿನ ಮುಯ್ಯಿಗೆ ಓದೇ ಆಗ್ಬೇಕು. ನಮ್ಮನೇಲಿ ಈಗ ಕರಡು ಬರೆಯೋರು ಯಾರಿದಾರೆ?"

"ಅವ್ರು ಕಳಿಸಿದ್ದು ನನ್ನ ಹತ್ರ ಇದೆ ಅಕ್ಕ. ಆಮೇಲೆ ಓದಿದೆ."

"ತೂತು ಸಿಕ್ತಾ?"

ಸಿಕ್ಕಿತ್ತು. ಆ ಹಳೇ ಹಾಳೆಯಲ್ಲಿ ಹತ್ತೇ ನಿಮಿಷಕ್ಕೆ ಸಿಕ್ಕಿತ್ತು. ಯಾವ ಭಾನುವಾರ ಎಂದು ಆಡುವವರೇ ಹೇಳಬೇಕು ಎಂದಿದೆ. ಎಷ್ಟು ದಿನ ಮುಂಚೆ ಎಂದು ಇಲ್ಲ. ಅರ್ಧ ಆಟವಾಗಿ ತನ್ನ ಕಡೆ ಸೋಲುತ್ತಿರುವಾಗ, ಇವತ್ತೇ ನನ್ನ ತವರಿನ ಭಾನುವಾರ ಎಂದು ಎದ್ದು ಆಚೆ ಹೋಗಿ ನಿಲ್ಲಬಹುದು. ನನ್ನ ಕರಡಿನಲ್ಲಿ ಅದನ್ನು ಮುಚ್ಚಿಯೇ ಬರೆದಿದ್ದೆ, ಒಂದು ವಾರ ಮುಂಚೆ ಎಂದು. ಇಷ್ಟು ದೊಡ್ಡ ತೂತನ್ನು ಮಾಸ್ತಪ್ಪ ತಿಳಿಯದೆ ಬಿಡುವವನಲ್ಲ. ನನಗೆಂದೇ ಬಿಟ್ಟಿದ್ದನೋ, ಆಗಲೇ ಮೈ ಹುಷಾರಿಲ್ಲದೆ ಕೈ ತಪ್ಪಿತ್ತೋ, ಅಥವಾ ಅದರ ಹಿಂದೆ ಇನ್ನೊಂದು ಸಣ್ಣದು ಇದೆಯೋ.

"ಒಂದು ಸಿಕ್ತು" ಎಂದೆ.

"ಅದೇನಾ ಅವ್ರು ಇಟ್ಟಿದ್ದು?"

"ಗೊತ್ತಿಲ್ಲ."

ಪೆಡಲಿನ ಬಿರುಕಿಗೆ ವೆಲ್ಡಿಂಗ್ ಟಾಕಿ ಹಾಕಿದೆ, ಕೊಂಡಿ ಸರಿ ಮಾಡಿದೆ, ಮಧ್ಯಾಹ್ನ ಅಲ್ಲೇ ಊಟ ಮಾಡಿ ಬಂದೆ. ಆ ಹಾಳೆ ಈಗಲೂ ಶಾಪಿನಲ್ಲಿದೆ. ಕೆಲಸ ಇಲ್ಲದ ಹೊತ್ತು ತೆಗೆದು ಬೆರಳಿಟ್ಟು ಇನ್ನೊಂದು ಸಲ ಓದುತ್ತೇನೆ. ನಾನು ಕಂಡ ತೂತನ್ನು ಅದರ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. 'ಹೌದು, ಅದೇ' ಎಂದು ಹೇಳಬೇಕಾದವನು ಹೇಳಿಲ್ಲ. ಹಾಗಾಗಿ ಮಾಸ್ತಪ್ಪನಿಗೆ ನಾನು ಒಂದು ಓದು ಬಾಕಿ ಇದ್ದೇನೆ.